ಹುಣಸೆಹುಳಿಯಲ್ಲಿ ತೊಳೆದ ಬಟ್ಟಲು

ನಾಳೆ ಇವರ ತಿಥಿ. ತಾಮ್ರದ ಹರಿವಾಣ, ತಂಬಿಗೆ, ಉದ್ಧರಣೆ ಎಲ್ಲವನ್ನೂ ಸಿಂಕಿಗೆ ಹಾಕಿಕೊಂಡು ಮಧ್ಯಾಹ್ನದಿಂದ ತಿಕ್ಕುತ್ತಿದ್ದೇನೆ. ಸೊಸೆ ಅಂಗಡಿಯಿಂದ ಯಾವುದೋ ಪುಡಿ ತಂದಿಟ್ಟಿದ್ದಾಳೆ, ಒರೆಸಿದರೆ ಸಾಕಂತೆ. ನನಗೆ ಅದು ಸರಿಹೋಗುವುದಿಲ್ಲ. ಹಳೆಯ ಹುಣಸೆಹುಳಿ, ಒಂದು ಹಿಡಿ ಕಲ್ಲುಪ್ಪು, ತೆಂಗಿನ ನಾರು, ಇಷ್ಟಿದ್ದರೆ ನನ್ನ ಕೈಗೆ ಸಿಕ್ಕಿದ ಪಾತ್ರೆ ಮುಖ ಕಾಣುವಷ್ಟು ಹೊಳೆಯದೆ ಇರುವುದಿಲ್ಲ. ಈ ಹಮ್ಮು ನನಗೆ ಮೊದಲಿನಿಂದಲೂ ಇದೆ. ಅದರಿಂದ ಆದ ಅನಾಹುತವನ್ನು ಮಾತ್ರ ಮೂವತ್ತು ವರ್ಷ ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ.

ಹುಳಿಗೆ ತಾಮ್ರ ತಾಗಿದಾಗ ಒಂದು ವಾಸನೆ ಏಳುತ್ತದಲ್ಲ, ನೆತ್ತರಿನ ವಾಸನೆಗೆ ಹತ್ತಿರದ್ದು, ಅದು ಮೂಗಿಗೆ ಬಂದ ಕೂಡಲೇ ನಾನು ಮಂಗಳೂರಿನ ಈ ಫ್ಲ್ಯಾಟಿನಲ್ಲಿ ಇರುವುದಿಲ್ಲ. ಬಹರೈನಿನಲ್ಲಿ, ಮನಾಮಾದ ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದಂಥ ಅಡಿಗೆಮನೆಯಲ್ಲಿ ನಿಂತಿರುತ್ತೇನೆ. ಶುಕ್ರವಾರದ ಸಂಜೆ. ಕೈಯಲ್ಲಿ ಒಂದು ಹಸಿರು ಬಟ್ಟಲು.

ಇವರು ಎಂದರೆ ನನ್ನ ಗಂಡ. ಹೆಸರು ವಾಸುದೇವ. ಮದುವೆಯಾದ ಮೇಲೆ ಆ ಹೆಸರನ್ನು ಅರ್ಜಿ ಫಾರಮುಗಳಲ್ಲಿ ಬರೆದಿದ್ದೇನೆಯೇ ಹೊರತು ಬಾಯಲ್ಲಿ ಹೇಳಿದವಳಲ್ಲ. ಅಲ್ಲಿ ಒಂದು ಕಟ್ಟಡ ಕಂಪೆನಿಯಲ್ಲಿ ಸರ್ವೇಯರ್ ಆಗಿದ್ದರು. ನಾನು ಹೇಳಹೊರಟದ್ದು ಕುವೈತಿನ ಯುದ್ಧ ಮುಗಿದ ಮೇಲೆ ಬಂದ ಎರಡನೆಯ ಚಳಿಗಾಲದ ಸಂಗತಿ. ಹೆದರಿ ಊರಿಗೆ ಓಡಿದ್ದವರೆಲ್ಲ ವಾಪಸು ಬಂದಿದ್ದರು, ಎಲ್ಲಿ ನೋಡಿದರೂ ಕಟ್ಟುವ ಗಲಾಟೆ. ಬುದೈಯಾ ರಸ್ತೆಯ ಆಚೀಚೆಯ ಖರ್ಜೂರದ ತೋಟಗಳು ಒಂದೊಂದಾಗಿ ವಿಲ್ಲಾಗಳಾಗುತ್ತಿದ್ದವು. ತೋಟ ಹೋಗುವ ಮೊದಲು ಅಲ್ಲಿಗೆ ಕಾಲಿಡುವವರು ಇವರೇ. ಇವರು ಅಳೆದು, ಕಬ್ಬಿಣದ ಗೂಟ ಬಡಿದು, ನಕ್ಷೆ ಬರೆದುಕೊಟ್ಟ ಮೇಲೆ ಬುಲ್ಡೋಜರ್ ಬರುತ್ತಿತ್ತು. ಆ ಕೆಲಸದ ಬಗ್ಗೆ ಇವರಿಗೆ ಅಭಿಮಾನವೂ ಇರಲಿಲ್ಲ, ದೂರೂ ಇರಲಿಲ್ಲ.

ಹಳೆಯ ಗಡಿಗೂಟಗಳು ಮಣ್ಣಿನಡಿ ಹೂತುಹೋಗಿರುತ್ತವೆ. ಅವನ್ನು ಪತ್ತೆಮಾಡಲು ಕಂಪೆನಿಯಲ್ಲಿ ಒಂದು ಯಂತ್ರವಿತ್ತು. ಉದ್ದ ಕೋಲು, ತುದಿಗೆ ಊಟದ ತಟ್ಟೆಯಷ್ಟು ಅಗಲದ ಬಳೆ, ಹಿಡಿಕೆಯ ಹತ್ತಿರ ಒಂದು ಪೆಟ್ಟಿಗೆ, ಅದಕ್ಕೆ ಸಿಕ್ಕಿಸಿದ ಹೆಡ್‌ಫೋನು. ನೆಲದಡಿ ಲೋಹವಿದ್ದರೆ ಕಿವಿಯಲ್ಲಿ ಕೂಗುತ್ತದೆ. ಕಬ್ಬಿಣಕ್ಕೆ ಒರಟು ದನಿ, ತಾಮ್ರ ಹಿತ್ತಾಳೆಗೆ ಸಪೂರ ದನಿ. ಆ ಸಪೂರ ದನಿ ಇವರಿಗೆ ಕೇಳಿಸುತ್ತಿರಲಿಲ್ಲ. ಬಹರೈನಿಗೆ ಬಂದ ಮೊದಲ ವರ್ಷಗಳಲ್ಲಿ ಜನರೇಟರಿನ ಪಕ್ಕ ಕೂತು ಕೆಲಸ ಮಾಡಿ ಕಿವಿ ಮಂದವಾಗಿತ್ತು. ಗೂಟ ಹುಡುಕಲು ಒರಟು ದನಿ ಸಾಕು, ಹಾಗಾಗಿ ಕಂಪೆನಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಯಾಕೆಂದರೆ ಕುಕ್ಕರು ಎಷ್ಟು ಸೀಟಿ ಹೊಡೆದರೂ ಇವರು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಡಿಸೆಂಬರಿನ ಒಂದು ಸಂಜೆ ಕೆಲಸದಿಂದ ಬಂದವರು ಬೂಟು ಬಿಚ್ಚದೆ ಕುರ್ಚಿಯಲ್ಲಿ ಕೂತರು. ಅಂದು ಅಳೆಯಲು ಹೋಗಿದ್ದ ತೋಟದ ಮುದುಕ ಇವರಿಗೆ ಕಾಫಿ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಹಾಯ ಕೇಳಿದ್ದರಂತೆ. ಅವರ ಹೆಸರು ಹಾಜಿ ಮನ್ಸೂರ್. ತೋಟ ಅವರದ್ದಲ್ಲ, ಯಜಮಾನರು ರಿಫಾ ಪಟ್ಟಣದಲ್ಲಿದ್ದರು. ಬೆಳೆಯಲ್ಲಿ ಪಾಲು ಕೊಟ್ಟು ನಲವತ್ತು ವರ್ಷದಿಂದ ಹಾಜಿಯೇ ನೋಡಿಕೊಂಡು ಬಂದದ್ದು, ಬರಹದಲ್ಲಿ ಏನೂ ಇಲ್ಲ. ಈಗ ಯಜಮಾನರು ಜಾಗ ಮಾರಿದ್ದರು. ರಂಜಾನ್ ಕಳೆದು ಈದ್ ಮುಗಿದ ಮೇಲೆ ಸಮತಟ್ಟು ಮಾಡುವ ಕೆಲಸ ಶುರು. ತೋಟದ ಒಳಗೇ ಒಂದು ಕೋಣೆ ಕಟ್ಟಿಕೊಂಡು ಇದ್ದ ಗಂಡ ಹೆಂಡತಿ ಅಷ್ಟರೊಳಗೆ ಎಲ್ಲಿಗಾದರೂ ಹೋಗಬೇಕು.

ಆ ತೋಟದ ಮೂಲೆಯಲ್ಲಿ ಒಂದು ದಿಬ್ಬವಿತ್ತು. ಅದರಡಿ ಸಾವಿರಾರು ವರ್ಷ ಹಿಂದಿನವರ ಗೋರಿ ಇದೆ ಎಂದು ಹಾಜಿಯ ಅಪ್ಪ ಹೇಳುತ್ತಿದ್ದರಂತೆ. ಹತ್ತಿರದ ಹಳ್ಳಿಯಲ್ಲಿ ಹೀಗೇ ಏನೋ ಹಳೆಯದು ಸಿಕ್ಕಿ, ಸರ್ಕಾರದವರು ಬಂದು ಬೇಲಿ ಹಾಕಿ, ಮನೆ ಕಟ್ಟುವುದು ನಿಂತೇಹೋಗಿತ್ತು. ಅಲ್ಲಿನ ತೋಟದವನನ್ನೇ ಬೇಲಿಯೊಳಗೆ ಕಾವಲಿಗೆ ಇಟ್ಟುಕೊಂಡಿದ್ದರು. ಹಾಜಿ ಪ್ರಾಯದಲ್ಲಿ ಬೊಂಬಾಯಿಗೆ ಹೋಗುವ ಹಡಗಿನಲ್ಲಿ ದುಡಿದವರು, ಹಿಂದಿ ಸರಾಗ. “ನಿನ್ನ ಯಂತ್ರದಲ್ಲಿ ನನಗೆ ಒಂದು ಹಳೆಯ ವಸ್ತು ಹುಡುಕಿಕೊಡು ಬಾಬು, ಒಂದೇ ಸಾಕು” ಎಂದಿದ್ದರು.

ಇವರು ಇದನ್ನೆಲ್ಲ ಹೇಳಿ ಬೂಟಿನ ದಾರಕ್ಕೆ ಕೈಹಾಕಿದರು. ಅಪ್ಪಣೆ ಇಲ್ಲದೆ ನೆಲ ಅಗೆದು ಹಳೆಯ ವಸ್ತು ತೆಗೆಯುವುದು ಅಲ್ಲಿ ಅಪರಾಧ. ಅಳೆಯಲು ಬಂದವರೇ ಕೆಲಸ ನಿಲ್ಲಿಸಲು ಹೊರಟರು ಎಂದು ತಿಳಿದರೆ ವೀಸಾ ರದ್ದಾಗಿ ಮರುದಿನವೇ ವಿಮಾನ ಹತ್ತಬೇಕು. ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಹೇಳಿದರು, “ನೀನೂ ಬಾ. ನಿನ್ನ ಕಿವಿ ಬೇಕು.”

ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ಅಡಿಗೆ ಬೇಕಾಗಿತ್ತು, ಮನೆವಾರ್ತೆ ಬೇಕಾಗಿತ್ತು. ಕಿವಿ ಬೇಕು ಎಂದದ್ದು ಅದೇ ಮೊದಲು. ಬೇಡ ಎನ್ನಲು ಆಗಲಿಲ್ಲ.

ಹಾಗೆ ಶುರುವಾದವು ನಮ್ಮ ಶುಕ್ರವಾರಗಳು. ಬೆಳಿಗ್ಗೆ ಇಡ್ಲಿ ಕಟ್ಟಿಕೊಂಡು, ಫ್ಲಾಸ್ಕಿನಲ್ಲಿ ಚಹಾ ತುಂಬಿಸಿ, ಯಂತ್ರವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಕಾರಿನ ಹಿಂದೆ ಇಟ್ಟು ಹೊರಡುತ್ತಿದ್ದೆವು. ತೋಟ ಆಗಲೇ ಅರ್ಧ ಸತ್ತಿತ್ತು. ಒಂದು ಕಾಲದಲ್ಲಿ ಉಕ್ಕುತ್ತಿದ್ದ ಬುಗ್ಗೆ ಬತ್ತಿ, ಬಾವಿಯ ನೀರು ಉಪ್ಪಾಗಿ, ಮರಗಳ ಗರಿ ತುದಿಯಿಂದ ಕಂದುಬಣ್ಣಕ್ಕೆ ತಿರುಗಿತ್ತು. ಉತ್ತರದ ಗಾಳಿ ಬೀಸಿದರೆ ಹಲ್ಲಿನಲ್ಲೂ ಮರಳು. ಮಳೆ ಬಂದ ವಾರ ಎಲ್ಲೆಡೆ ಬಿಳಿಯ ಉಪ್ಪು ಎದ್ದು ನೆಲ ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು. ದನದ ಮೇವಿನ ಎರಡು ಪಾತಿ ಮಾತ್ರ ಹಸಿರಾಗಿದ್ದವು, ಹಾಜಿ ಅವಕ್ಕೆ ದೂರದಿಂದ ಸಿಹಿನೀರು ಹೊತ್ತು ಹಾಕುತ್ತಿದ್ದರು. ಸಾಯುವ ತೋಟಕ್ಕೆ ಇಷ್ಟೊಂದು ಒದ್ದಾಟವೇ ಎಂದು ಮೊದಲ ದಿನ ನನಗೆ ಅನಿಸಿದ್ದು ನಿಜ.

ಇವರ ಕೆಲಸ ಗೊತ್ತಲ್ಲ, ಎಲ್ಲದಕ್ಕೂ ಅಳತೆ. ಹಗ್ಗ ಎಳೆದು ನೆಲವನ್ನು ಪಟ್ಟಿ ಪಟ್ಟಿಯಾಗಿ ಮಾಡುತ್ತಿದ್ದರು. ಯಂತ್ರದ ಕೋಲು ಇವರ ಕೈಯಲ್ಲಿ, ಹೆಡ್‌ಫೋನು ನನ್ನ ತಲೆಯ ಮೇಲೆ, ನಡುವೆ ಎರಡು ಮೊಳದ ಸುರುಳಿ ವಯರು. ಇವರು ಹೆಜ್ಜೆ ಇಟ್ಟ ಹಾಗೆ ನಾನೂ ಪಕ್ಕದಲ್ಲೇ ಹೆಜ್ಜೆ ಇಡಬೇಕು. ಸಪ್ತಪದಿಯ ದಿನ ಕೂಡ ನಾವು ಅಷ್ಟು ಸರಿಯಾಗಿ ಜೊತೆಯಲ್ಲಿ ನಡೆದಿರಲಿಲ್ಲ. ಹಾಜಿಯ ಹೆಂಡತಿ ಉಮ್ಮ್ ಜಾಫರ್, ಜಾಫರನ ತಾಯಿ ಎಂದೇ ಎಲ್ಲರೂ ಕರೆಯುವುದು, ಕೋಣೆಯ ಮೆಟ್ಟಿಲಲ್ಲಿ ಕೂತು ನಮ್ಮನ್ನು ನೋಡಿ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದರು. ಅವರಿಗೆ ನಾಲ್ಕು ಪದ ಹಿಂದಿ, ನನಗೆ ನಾಲ್ಕು ಪದ ಅರಬಿ. ಅಷ್ಟರಲ್ಲೇ ಅವರು ನನಗೆ ರೊಟ್ಟಿ ಸುಡುವುದನ್ನು ಕಲಿಸಿದರು, ನಾನು ಅವರಿಗೆ ಇಡ್ಲಿ ತಿನ್ನಿಸಿದೆ.

ಏಳು ಶುಕ್ರವಾರ ಸಿಕ್ಕಿದ್ದು ಮೊಳೆ, ಸಾರ್ಡೀನ್ ಡಬ್ಬಿ, ಪಂಪಿನ ನಟ್ಟು, ಕತ್ತೆಯ ಲಾಳ. ನನ್ನ ಕಿವಿಯಲ್ಲಿ ದನಿ ಬಂದಾಗಲೆಲ್ಲ ಕೈ ಎತ್ತುತ್ತಿದ್ದೆ. ಹಾಜಿ ಓಡಿಬಂದು ಮಂಡಿಯೂರಿ ಬೆರಳಲ್ಲೇ ಮಣ್ಣು ಕೆದಕುತ್ತಿದ್ದರು. ಡಬ್ಬಿ ಕಂಡಾಗ ಅದನ್ನು ಒರೆಸಿ ಪಕ್ಕಕ್ಕಿಟ್ಟು, ತಮ್ಮ ಕಿವಿ ಮುಟ್ಟಿ ನನ್ನನ್ನು ತೋರಿಸಿ, ಕಿವಿ ಒಳ್ಳೆಯದಿದೆ, ನೆಲದ್ದೇ ತಪ್ಪು ಎನ್ನುತ್ತಿದ್ದರು. ಪ್ರತಿ ವಾರ ಹೊರಡುವಾಗ ಇವರನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಡುತ್ತಿದ್ದರು. ಇವರ ಅಪ್ಪ ಕೂಡ ಇವರನ್ನು ಹಾಗೆ ಮುಟ್ಟಿದವರಲ್ಲ. ಕಾರಿನಲ್ಲಿ ಕೂತ ಮೇಲೆ ಇವರು ಸ್ವಲ್ಪ ಹೊತ್ತು ಕೀಲಿ ತಿರುಗಿಸದೆ ಇರುತ್ತಿದ್ದರು.

ರಂಜಾನಿಗೆ ಒಂದು ವಾರ ಇರುವಾಗ, ದಿಬ್ಬದ ಬುಡದಲ್ಲಿ, ಅದುವರೆಗೆ ಕೇಳದಂಥ ದನಿ ಕೇಳಿತು. ಸಪೂರವಾಗಿ, ತಡೆಯಿಲ್ಲದೆ, ಉದ್ದಕ್ಕೆ. ನಾನು ಕೈ ಎತ್ತಲೂ ಮರೆತು ನಿಂತುಬಿಟ್ಟೆ. ಇವರು ನನ್ನ ಮುಖ ನೋಡಿಯೇ ಕೋಲು ನೆಲಕ್ಕಿಟ್ಟರು. ಮೊಣಕೈ ಆಳದಲ್ಲಿ ಅದು ಇತ್ತು. ಅಂಗೈ ಅಗಲದ ಒಂದು ಬಟ್ಟಲು. ಮೈತುಂಬ ದಪ್ಪ ಹಸಿರು ಹಕ್ಕಳೆ, ಅದರ ಮೇಲೆ ಗಟ್ಟಿ ಮಣ್ಣು. ಹಾಜಿ ಅದನ್ನು ಮುಟ್ಟಲಿಲ್ಲ. ಅಲ್ಲೇ ಕೂತು ಅತ್ತರು. ಉಮ್ಮ್ ಜಾಫರ್ ಒಳಗೆ ಹೋಗಿ ಒಂದು ತಟ್ಟೆ ಖರ್ಜೂರ ತಂದು ಎಲ್ಲರ ಬಾಯಿಗೂ ಇಟ್ಟರು.

ಹಳೆಯ ವಸ್ತುಗಳನ್ನು ನೋಡಿಕೊಳ್ಳುವ ಕಚೇರಿ ಶನಿವಾರ ಬೆಳಿಗ್ಗೆ ತೆರೆಯುತ್ತದೆ. ಬಟ್ಟಲನ್ನು ಪೇಪರಿನಲ್ಲಿ ಸುತ್ತಿ ಮನೆಗೆ ತಂದೆವು. ಸಂಜೆ ಇವರು ಯಂತ್ರವನ್ನು ಕಂಪೆನಿಯ ಸ್ಟೋರಿಗೆ ಮುಟ್ಟಿಸಲು ಹೋದರು. ನಾನು ಒಬ್ಬಳೇ. ಮೇಜಿನ ಮೇಲೆ ಪೇಪರು ಬಿಚ್ಚಿ ನೋಡಿದೆ. ನನ್ನ ಕಣ್ಣಿಗೆ ಕಂಡದ್ದು ಕಿಲುಬು. ತಾಮ್ರದ ಕಿಲುಬು ವಿಷ ಎಂದು ಎಳವೆಯಿಂದ ಕೇಳಿಕೊಂಡು ಬೆಳೆದವಳು ನಾನು. ಕಿಲುಬು ಹಿಡಿದ ಪಾತ್ರೆಯನ್ನು ಬಂದವರ ಮುಂದೆ ಇಟ್ಟರೆ ಆ ಮನೆಯ ಹೆಂಗಸಿಗೆ ಅವಮಾನ. ನಾಳೆ ಇದನ್ನು ದೊಡ್ಡ ಅಧಿಕಾರಿಯ ಕೈಗೆ ಕೊಡಬೇಕು. ಹಾಜಿಯ ತೋಟ ಉಳಿಯುವುದು ಈ ಬಟ್ಟಲಿನಿಂದ. ಅದು ಹೀಗೆ ಹೋಗುವುದೇ?

ಊರಿಂದ ತಂದ ಹಳೇ ಹುಳಿಯನ್ನು ನೆನೆಹಾಕಿದೆ. ಮೊದಲು ಮಣ್ಣು ಬಿಟ್ಟಿತು. ಮಣ್ಣಿನಡಿ, ಬಟ್ಟಲಿನ ಹೊರಮೈಯ ಹಸಿರಿನಲ್ಲಿ, ಸಣ್ಣ ಸಣ್ಣ ಗೆರೆಗಳು ಕಂಡವು, ಅಡ್ಡ ಉದ್ದ, ಪಂಚೆಯ ನೇಯ್ಗೆಯ ಹಾಗೆ. ಯಾವುದೋ ಹಳೇ ಚಿಂದಿ ಅಂಟಿಕೊಂಡು ಕೊಳೆತದ್ದಿರಬೇಕು ಎಂದುಕೊಂಡು ಅಲ್ಲಿಗೆ ಇನ್ನಷ್ಟು ಉಪ್ಪು ಹಾಕಿ ತಿಕ್ಕಿದೆ. ನೀರು ಹಸಿರಾಗಿ ಸಿಂಕಿನಲ್ಲಿ ಇಳಿದುಹೋಯಿತು. ಒಂದು ಗಂಟೆಯಲ್ಲಿ ಬಟ್ಟಲು ಕೆಂಪಗೆ ಹೊಳೆಯಿತು. ಅಂಚಿನಲ್ಲಿ ಒಂದು ಕಡೆ ತೂತು ಬಿದ್ದಿತ್ತು, ಮೊದಲೇ ಇತ್ತೋ ನನ್ನ ಕೈಯಿಂದ ಆಯಿತೋ ತಿಳಿಯದು. ಒಣಬಟ್ಟೆಯಲ್ಲಿ ಒರೆಸಿ ದೇವರ ಮುಂದೆ ಇಟ್ಟೆ.

ಇವರು ಬಂದು ನೋಡಿದವರು ಬಾಗಿಲಲ್ಲೇ ನಿಂತರು. “ಆ ಹಸುರು ಎಲ್ಲ ಎಲ್ಲಿ ಹೋಯ್ತು?”

“ಕಿಲುಬು ಅಲ್ವಾ, ತೊಳೆದೆ.”

ಬಟ್ಟಲನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, “ಚೆಂದ ಕಾಣ್ತದೆ” ಎಂದರು. ಇವರ ದನಿಯಲ್ಲಿ ಏನೋ ಕಡಿಮೆಯಾಗಿದೆ ಎಂದು ನನ್ನ ಒಳ್ಳೆಯ ಕಿವಿಗೆ ಆಗ ಕೇಳಿಸಲಿಲ್ಲ.

ಮರುದಿನ ಕಚೇರಿಯಲ್ಲಿ ನಮ್ಮನ್ನು ಕೂರಿಸಿದ ಅಧಿಕಾರಿ ವಯಸ್ಸಾದವರು, ಮೃದುವಾಗಿ ಇಂಗ್ಲಿಷ್ ಮಾತಾಡುತ್ತಿದ್ದರು. ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಸಿ, ಇದನ್ನು ತೊಳೆದವರು ಯಾರು ಎಂದು ಕೇಳಿದರು. ನಾನು ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದೆ. “ನಾನು” ಎಂದರು ಇವರು. ಬಟ್ಟೆಯ ಗುರುತು ಏನಾದರೂ ಇತ್ತೇ ಎಂದು ಅವರು ಮತ್ತೆ ಕೇಳಿದರು. ಇವರಿಗೆ ಏನು ಗೊತ್ತು, ನನ್ನ ಕಡೆ ನೋಡಿದರು. ಗೆರೆಗಳಿದ್ದವು, ನೇಯ್ಗೆಯ ಹಾಗೆ, ಎಂದೆ. ಅಧಿಕಾರಿ ನಮ್ಮಿಬ್ಬರನ್ನೂ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಅವರು ಗದರಲಿಲ್ಲ, ಅದೇ ಕಷ್ಟವಾದದ್ದು. ಹಿಂದಿನವರು ಗೋರಿಯಲ್ಲಿ ಇಂಥ ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರಂತೆ. ಬಟ್ಟೆ ಕರಗಿಹೋದರೂ ಅದರ ನೇಯ್ಗೆ ಕಿಲುಬಿನಲ್ಲಿ ಉಳಿಯುತ್ತದಂತೆ. ಅದೂ ಆ ಮಣ್ಣೂ ಇದ್ದಿದ್ದರೆ, ಅಗೆಯದೆ ಅಲ್ಲೇ ಬಿಟ್ಟು ತಮ್ಮನ್ನು ಕರೆದಿದ್ದರೆ ಇನ್ನೂ ಒಳ್ಳೆಯದಿತ್ತು, ಅವತ್ತೇ ಮೇಲಿನವರ ಹತ್ತಿರ ಹೋಗಿ ಕೆಲಸ ನಿಲ್ಲಿಸಬಹುದಾಗಿತ್ತು ಎಂದರು. ಈಗ ಇದು ಎಲ್ಲಿಂದ ಬಂತು ಎಂದು ಹೇಳಲು ನಮ್ಮ ಬಾಯಿಮಾತು ಬಿಟ್ಟರೆ ಏನೂ ಇಲ್ಲ. ಆದರೂ ಬರೆಯುತ್ತೇನೆ ಎಂದರು. ಇನ್ನು ಮುಂದೆ ಯಂತ್ರ ಹಿಡಿದು ಎಲ್ಲಿಗೂ ಹೋಗಬೇಡಿ ಎಂದು ಹೇಳಿ, ನಮ್ಮ ಹೆಸರು ಬರೆದುಕೊಳ್ಳದೆ ಕಳಿಸಿದರು. ಬಟ್ಟಲನ್ನು ಅವರೇ ಇಟ್ಟುಕೊಂಡರು.

ಕಾರಿನಲ್ಲಿ ಇವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಸಂಜೆ ಒಬ್ಬರೇ ಹಾಜಿಯ ತೋಟಕ್ಕೆ ಹೋಗಿಬಂದರು. ಏನು ಹೇಳಿದಿರಿ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಆಗಲಿಲ್ಲ ಎಂದಷ್ಟೇ ಹೇಳಿರುತ್ತಾರೆ ಎಂದುಕೊಂಡೆ, ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ರಂಜಾನಿನಲ್ಲಿ ಕಚೇರಿಯಿಂದ ಒಬ್ಬರು ಬಂದು ದಿಬ್ಬ ನೋಡಿಕೊಂಡು ಹೋದರಂತೆ. ಅಂಥ ತೋಟಗಳು ಅವರ ಪಟ್ಟಿಯಲ್ಲಿ ಎಷ್ಟೋ ಇದ್ದವಂತೆ. ಈದ್ ಮುಗಿಯಿತು. ಗೂಟ ಬಡಿಯುವುದು ಇವರ ಕೆಲಸ, ಇವರೇ ಬಡಿದರು. ಮೂರನೆಯ ದಿನ ಬುಲ್ಡೋಜರ್ ದಿಬ್ಬಕ್ಕೆ ಬಾಯಿ ಹಾಕಿದಾಗ ಒಳಗಿಂದ ಸಾಲಾಗಿ ಜೋಡಿಸಿದ್ದ ಚಪ್ಪಡಿ ಕಲ್ಲುಗಳು ಎದ್ದು ಬಂದವಂತೆ. ಇವರು ಎರಡೂ ಕೈ ಎತ್ತಿ ನಿಲ್ಲಿಸಲು ಕೂಗಿದರಂತೆ. ಯಂತ್ರದ ಸದ್ದಿನಲ್ಲಿ ಡ್ರೈವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ. ಸಂಜೆಗೆ ನೆಲ ಮಟ್ಟವಾಗಿತ್ತು. ಇಷ್ಟನ್ನು ಇವರು ಊಟದ ತಟ್ಟೆಯ ಮುಂದೆ ಕೂತು ಹೇಳಿದರು. ಆ ದಿನ ನಾನು ಗೋಡೆಯ ಕಡೆ ತಿರುಗಿ ಅತ್ತೆ, ಇವರು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಣ್ಣದೆ ಎದ್ದರು.

ಜೂನಿನಲ್ಲಿ, ಕಿಟಕಿಯ ಗಾಜು ಮುಟ್ಟಿದರೆ ಕೈ ಸುಡುವ ದಿನಗಳಲ್ಲಿ, ಕೆಳಗಿನ ಮನೆಯ ಜೊಹರಾಳಿಗೆ ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಉಳ್ಳಾಲದ ಹುಡುಗಿ, ಅಮ್ಮ ಹತ್ತಿರವಿಲ್ಲ. ಓಮದ ಕಷಾಯ ತೆಗೆದುಕೊಂಡು ಹೋಗಿದ್ದೆ. ಹಿಂದಿರುಗುವಾಗ ಕಾರಿಡಾರಿನಲ್ಲಿ ಯಾರೋ ನನ್ನ ಮುಂಗೈ ಹಿಡಿದರು. ಉಮ್ಮ್ ಜಾಫರ್. ತುಂಬ ಇಳಿದುಹೋಗಿದ್ದರು. ಮಗಳ ಮನೆಯ ಒಂದು ಕೋಣೆಯಲ್ಲಿದ್ದಾರಂತೆ. ಹಾಜಿಗೆ ಎದೆಯ ಕಾಯಿಲೆ, ಒಳಗೆ ವಾರ್ಡಿನಲ್ಲಿ ಮಲಗಿಸಿದ್ದಾರೆ.

ಬಾಬು ಯಾಕೆ ಬರಲಿಲ್ಲ ಎಂದು ಕೇಳುತ್ತಾರೆಂದು ನಾನು ಉತ್ತರ ಹುಡುಕುತ್ತಿದ್ದೆ. ಅವರು ಕೇಳಲಿಲ್ಲ. ನಮ್ಮಿಬ್ಬರ ನಾಲ್ಕು ನಾಲ್ಕು ಪದಗಳಲ್ಲೇ, ಕೈಸನ್ನೆ ಸೇರಿಸಿ, ನನಗೆ ಅರ್ಥ ಮಾಡಿಸಿದರು. ಬಾಬು ಅವತ್ತು ಬಂದು ಬಟ್ಟಲನ್ನು ತಾನೇ ತೊಳೆದು ಹಾಳು ಮಾಡಿದೆ ಎಂದು ಹೇಳಿದ. ಕಾಲು ಮುಟ್ಟಲು ಬಂದ. ಮುದುಕ ಕಾಲು ಎಳೆದುಕೊಂಡ. ಅವನ ಸಲಾಮಿಗೆ ಉತ್ತರ ಕೊಡಲಿಲ್ಲ. ಆಮೇಲೂ ಬಾಬು ಎರಡು ಸಲ ಬಂದಿದ್ದ, ಮುದುಕ ಬಾಗಿಲು ತೆರೆಯಲು ಬಿಡಲಿಲ್ಲ. “ನಿನ್ನ ಮೇಲೆ ಕೋಪ ಇಲ್ಲ” ಎಂದು ಅವರು ನನ್ನ ಕೆನ್ನೆ ಮುಟ್ಟಿದರು. “ನಿನ್ನನ್ನು ದಿನಾ ನೆನೆಸುತ್ತಾರೆ. ಬಾ.”

ವಾರ್ಡಿನಲ್ಲಿ ಹಾಜಿ ದಿಂಬಿಗೆ ಒರಗಿದ್ದರು, ಮೂಗಿಗೆ ನಳಿಕೆ. ನನ್ನನ್ನು ಕಂಡು ಮುಖ ಅರಳಿತು. ಎರಡೂ ಕೈ ಎತ್ತಿ ಕಿವಿಗಳ ಮೇಲೆ ಇಟ್ಟುಕೊಂಡು, ಹೆಡ್‌ಫೋನು ಹಾಕಿಕೊಂಡವರ ಹಾಗೆ ತಲೆ ಅಲ್ಲಾಡಿಸಿದರು. ಎಷ್ಟು ಒಳ್ಳೆಯ ಕಿವಿ, ಬೇಟಿ, ನೀನು ಕೇಳಿಸಿಕೊಂಡಿದ್ದೆ, ಅದು ಅಲ್ಲಿ ಇತ್ತು, ಎಂದರು. ತೊಳೆದದ್ದು ನಾನು ಎಂದು ಹೇಳಲು ಎಷ್ಟು ಹಿಂದಿ ಬೇಕು? ನನಗೆ ಅಷ್ಟು ಬರುತ್ತಿತ್ತು. ಮಂಚದ ಕಬ್ಬಿಣದ ಸರಳು ಹಿಡಿದುಕೊಂಡು ನಿಂತೆ. ಆ ಮುಖ ಕಪ್ಪಾಗುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಬೇಗ ಗುಣವಾಗಲಿ ಎಂದು ಹೇಳಿ ಹೊರಗೆ ಬಂದೆ. ಬಟ್ಟಲು ತೊಳೆದದ್ದು ತಿಳಿಯದೆ ಮಾಡಿದ ತಪ್ಪು. ಇದು ತಿಳಿದೇ ಮಾಡಿದ್ದು.

ಮನೆಗೆ ಬಂದು ಇವರಿಗೆ ಹಾಜಿಯನ್ನು ನೋಡಿದೆ ಎಂದೆ. ಬೂಟಿನ ದಾರ ಬಿಚ್ಚುತ್ತಿದ್ದ ಕೈ ನಿಂತಿತು.

“ಎಂತ ಹೇಳಿದ್ರು?”

ನನಗೆ ತಿಳಿದುಹೋಯಿತು ಎಂದು ಹೇಳಬಹುದಿತ್ತು. ಕ್ಷಮಿಸಿ ಎನ್ನಬಹುದಿತ್ತು. ನಾನು ಹೇಳಿದ್ದು ಬೇರೆಯೇ. “ನಿಮ್ಮನ್ನು ಕೇಳಿದ್ರು. ಬಾಬು ಹೇಗಿದ್ದಾನೆ ಅಂತ.”

ಇವರು ನನ್ನ ಮುಖವನ್ನೇ ನೋಡಿದರು. “ಹೌದಾ? ಕೇಳಿದ್ರಾ?” ಎಂದರು. ಎಷ್ಟೋ ತಿಂಗಳ ಮೇಲೆ ಆ ಸಂಜೆ ರೇಡಿಯೋ ಹಾಕಿದರು. ಎರಡು ಸಲ ಸಾರು ಹಾಕಿಸಿಕೊಂಡು ಉಂಡರು. ಶುಕ್ರವಾರ ಹೋಗಿ ನೋಡಿಕೊಂಡು ಬರುತ್ತೇನೆ ಎಂದರು. ಬೇಡ ಎನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ, ಇದ್ದ ಒಂದೇ ಕಾರಣ ನಾನು ಹೇಳಿದ ಸುಳ್ಳು.

ಶುಕ್ರವಾರ ಇಸ್ತ್ರಿ ಹಾಕಿದ ಷರಟು ತೊಟ್ಟು, ಕೆಳಗಿನ ಅಂಗಡಿಯಲ್ಲಿ ಒಳ್ಳೆಯ ಕಿತ್ತಳೆ ಆರಿಸಿ, ಪೊಟ್ಟಣ ಕಟ್ಟಿಸಿಕೊಂಡು ಹೋದರು. ನಾನು ಕಿಟಕಿಯ ಹತ್ತಿರ ನಿಂತು ಕಾರು ತಿರುಗುವುದನ್ನು ನೋಡಿದೆ. ಅರ್ಧ ಗಂಟೆಯಲ್ಲಿ ವಾಪಸು ಬಂದರು. ಆಸ್ಪತ್ರೆಗೆ ಹೋಗಿ ಬರಲು ಬೇಕಾಗುವುದೇ ಅಷ್ಟು ಹೊತ್ತು. ಪೊಟ್ಟಣವನ್ನು ಮೇಜಿನ ಮೇಲೆ ಇಟ್ಟರು. ಕಟ್ಟಿದ ದಾರ ಹಾಗೆಯೇ ಇತ್ತು.

“ಮಲಗಿದ್ರು” ಎಂದರು. “ಎಬ್ಬಿಸ್ಲಿಲ್ಲ.”

ನಾನು ಹೌದಾ ಎಂದೆ. ಆಮೇಲೆ ದಾರ ಬಿಚ್ಚಿ ಒಂದು ಹಣ್ಣು ಸುಲಿದೆ, ಅರ್ಧ ಇವರಿಗೆ ಕೊಟ್ಟೆ. ಇಬ್ಬರೂ ಮೇಜಿನ ಎದುರುಬದುರು ಕೂತು ತಿಂದೆವು.